ಯಾವ ಗರಡಿಗೆ ಹೋಗಬೇಕು?



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನರಿಗೆ ಕುಸ್ತಿ ಎಂದರೇನೆಂದು ಹೇಳಬೇಕಾಗಿಲ್ಲ. ಜಾತ್ರೆಯಲ್ಲಿ ಹಲಗೆಯ ಸದ್ದು ಕೇಳಿದೊಡನೆ ಕಣದ ಸುತ್ತ ಸೇರುವವರು ನೀವು. ಆದರೆ ಕುಸ್ತಿ ನೋಡುವುದು ಬೇರೆ, ಮಗನನ್ನು ಅಥವಾ ಮಗಳನ್ನು ಕುಸ್ತಿಗೆ ಕಳಿಸುವುದು ಬೇರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಜನರನ್ನು ಕೇಳುವ ನಾವು ಗರಡಿಯ ವಿಷಯದಲ್ಲಿ ಮಾತ್ರ ಮನೆಗೆ ಹತ್ತಿರವಿದೆ ಎಂದೋ, ಗೋಡೆಯ ಮೇಲೆ ಗದೆ ಹಿಡಿದವರ ಫೋಟೋಗಳಿವೆ ಎಂದೋ ಒಪ್ಪಿಬಿಡುತ್ತೇವೆ. ಹೊಸಬನು ಗರಡಿಯನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದೇ ಇಂದಿನ ನನ್ನ ವಿಷಯ.

ನಮ್ಮ ಗರಡಿಯ ಮಾತುಗಳನ್ನೇ ಮೊದಲು ಗಮನಿಸಿ. ಕುಸ್ತಿ, ಪೈಲವಾನ, ವಸ್ತಾದ ಇವು ಪಾರಸಿಯಿಂದ ಬಂದವು. ತಾಲೀಮು ಅರಬ್ಬಿಯದು. ಮಲ್ಲ ಎಂಬುದು ಸಂಸ್ಕೃತದಲ್ಲೂ ಇದೆ. ಪಟ್ಟು ನಮ್ಮ ಅಚ್ಚಗನ್ನಡದ್ದು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಕನ್ನಡ ನಾಡಿಗೆ ಬಂದವು. ಅತ್ತ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿ ಕುಸ್ತಿಗೆ ದೊಡ್ಡ ಆಸರೆಯಾದರು. ಗಡಿಯ ಎರಡೂ ಕಡೆ ಇಂದಿಗೂ ಕುಸ್ತಿಯ ನುಡಿಗಟ್ಟು ಹೆಚ್ಚುಕಡಿಮೆ ಒಂದೇ. ಇಷ್ಟು ಕಡೆಯಿಂದ ಮಾತು ಕೂಡಿಸಿಕೊಂಡ ವಿದ್ಯೆ ಯಾವ ಒಂದು ಓಣಿಯ ಸ್ವತ್ತೂ ಅಲ್ಲ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಗರಡಿಯ ಮಣ್ಣಿಗೆ ಎಲ್ಲ ಓಣಿಯ, ಎಲ್ಲ ಜಾತಿಯ ಮಕ್ಕಳೂ ಇಳಿಯುತ್ತಾರೆಯೇ? ಇಲ್ಲವೆಂದಾದರೆ ಮುಂದಿನ ಪ್ರಶ್ನೆ ಬೇಡ.

ಎರಡನೆಯ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಹೋಗುವುದು ಏತಕ್ಕೆ? ಮೈ ಗಟ್ಟಿಯಾಗಲಿ ಎಂದಾದರೆ ಊರಿನ ಮಣ್ಣಿನ ಗರಡಿ ಸಾಕು. ದಂಡ, ಬೈಠಕ್, ಜೋಡಿ ತಿರುಗಿಸುವುದು, ಮಟ್ಟಿ ಅಗೆಯುವುದು, ಇವು ಯಾವ ಯಂತ್ರಕ್ಕೂ ಕಡಿಮೆಯಲ್ಲ. ಜಾತ್ರೆಯ ಜಂಗಿ ಕುಸ್ತಿ ಹಿಡಿಯಬೇಕೆಂದರೂ ಮಣ್ಣೇ ಸರಿ. ಆದರೆ ರಾಜ್ಯ, ರಾಷ್ಟ್ರಮಟ್ಟಕ್ಕೆ ಹೋಗಬೇಕು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿಯಬೇಕು ಎಂಬ ಆಸೆ ಇದ್ದರೆ ಮ್ಯಾಟ್ ಇರುವ ಕಡೆ ಹೋಗಲೇಬೇಕು. ಮಣ್ಣಿನಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿದರೆ ಗೆಲುವು. ಮ್ಯಾಟ್ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿಯೊಂದು ಪಟ್ಟಿಗೂ ಅಂಕ. ಉಸಿರಿನ ಲೆಕ್ಕವೇ ಬೇರೆ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮಣ್ಣಿನಲ್ಲಿ ಬೆಳೆದ ಅವರಿಗೆ ಮ್ಯಾಟ್ ಹೊಸದು. ಆರನೆಯ ಸ್ಥಾನ ಬಂತು. ಅದಕ್ಕೆ ಒಗ್ಗಿಕೊಂಡು 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮಣ್ಣು ಅವರಿಗೆ ಬುನಾದಿ ಹಾಕಿತ್ತು ನಿಜ, ಆದರೆ ಅಷ್ಟರಿಂದಲೇ ಪದಕ ಬರಲಿಲ್ಲ.

ಈಗ ಗರಡಿಯ ಒಳಗೆ ಬನ್ನಿ. ಹೇಳದೆ ಕೇಳದೆ, ಮೂರು ಬೇರೆ ಬೇರೆ ದಿನ, ಬೆಳಗಿನ ಐದು ಗಂಟೆಗೆ ಹೋಗಿ ಒಂದು ಮೂಲೆಯಲ್ಲಿ ಕೂಡಿರಿ. ಎಲ್ಲರಿಗಿಂತ ದೊಡ್ಡ ಪೈಲವಾನನನ್ನು ನೋಡಬೇಡಿ, ಅವನು ಎಲ್ಲಿದ್ದರೂ ಗೆಲ್ಲುತ್ತಾನೆ. ಎಲ್ಲರಿಗಿಂತ ಚಿಕ್ಕವನನ್ನು, ನಿನ್ನೆ ಮೊನ್ನೆ ಸೇರಿದವನನ್ನು ನೋಡಿ. ಅವನನ್ನು ಯಾರ ಜೊತೆ ಬಿಡುತ್ತಾರೆ? ಅವನಿಗೆ ಬೀಳುವುದನ್ನು ಕಲಿಸಿದ್ದಾರೆಯೇ? ಸಾಕು ಎಂದು ನೆಲ ತಟ್ಟಿದಾಗ ಎದುರಿನವನು ಕೂಡಲೇ ಬಿಡುತ್ತಾನೆಯೇ? ವಸ್ತಾದರ ಕಣ್ಣು ಅವನ ಮೇಲಿದೆಯೇ, ಮೊಬೈಲಿನ ಮೇಲಿದೆಯೇ?

ಇದು ಇಂದಿನ ನಾಜೂಕು ಜನರ ಮಾತೆಂದು ತಿಳಿಯಬೇಡಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವ ಕ್ರಮವನ್ನು ಅದು ಹೇಳುತ್ತದೆ. ಸರಿಜೋಡಿ ನೋಡಿ ಬಿಡಬೇಕೆಂಬುದು ಈ ನೆಲದ ಹಳೆಯ ತಿಳಿವಳಿಕೆ. ಹನ್ನೆರಡು ವರ್ಷದವನನ್ನು ಇಪ್ಪತ್ತರವನ ಕೈಗೆ ಕೊಟ್ಟು ನಗುವ ಗರಡಿ ಸಂಪ್ರದಾಯದ ಹೆಸರು ಹೇಳಬಾರದು.

ಅಪಾಯಗಳನ್ನೂ ಬಾಯಿ ಬಿಟ್ಟು ಹೇಳುತ್ತೇನೆ. ಕುತ್ತಿಗೆಯ ಪೆಟ್ಟು ಎಲ್ಲಕ್ಕಿಂತ ಕೆಟ್ಟದ್ದು. ಅದು ಬದುಕಿಡೀ ಹಾಸಿಗೆ ಹಿಡಿಸಬಲ್ಲದು. ಮೊದಲ ವಾರದಲ್ಲೇ ತಲೆಯ ಮೇಲೆ ಭಾರ ಹಾಕಿಸುವ ಕಡೆ ನಿಲ್ಲಬೇಡಿ. ಗಜಕರ್ಣ, ಕುರು ಒಬ್ಬರಿಂದೊಬ್ಬರಿಗೆ ಹಬ್ಬುತ್ತವೆ. ಚರ್ಮರೋಗ ಇದ್ದವನನ್ನು ವಾಸಿಯಾಗುವವರೆಗೆ ಹೊರಗೆ ಕೂಡಿಸುವ ವಸ್ತಾದರೇ ಒಳ್ಳೆಯ ವಸ್ತಾದರು. ಮಣ್ಣಿನಲ್ಲಿ ತರಚುವುದು ಸಾಮಾನ್ಯ, ಧನುರ್ವಾಯುವಿನ ಚುಚ್ಚುಮದ್ದು ಮೊದಲೇ ಆಗಿರಲಿ. ಕಿವಿ ಬಾತರೆ ಅದನ್ನು ಪೈಲವಾನನ ಗುರುತೆಂದು ಮೆರೆಸದೆ ವೈದ್ಯರಿಗೆ ತೋರಿಸಬೇಕು. ತೂಕದ ವರ್ಗಕ್ಕಾಗಿ ಬೆಳೆಯುವ ಮಗುವಿಗೆ ನೀರು ಬಿಡಿಸುವವರು, ಮೈ ಬರಲೆಂದು ಹೆಸರಿಲ್ಲದ ಪುಡಿ, ಸೂಜಿ ಕೊಡುವವರು ಕಂಡರೆ ಅಂದೇ ಮಗುವನ್ನು ಕರೆದುಕೊಂಡು ಬನ್ನಿ.

ಖರ್ಚಿನ ಮಾತು. ಮಗ್ಗದ ದುಡಿಮೆಯ ಮನೆಯಲ್ಲಿ, ಕಬ್ಬಿನ ಬಿಲ್ಲಿಗೆ ಕಾಯುವ ಮನೆಯಲ್ಲಿ, ಬಾದಾಮಿ ತುಪ್ಪ ಎಲ್ಲಿಂದ ತರೋಣ ಎಂಬ ಚಿಂತೆ ಸಹಜ. ಹೊಸಬನಿಗೆ ಅದು ಬೇಕಾಗಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಹಾಲು, ತಿನ್ನುವವರಿಗೆ ಮೊಟ್ಟೆ, ಮೇಲೆ ಹೊಟ್ಟೆ ತುಂಬ ನಿದ್ದೆ. ಮೊದಲ ವರ್ಷ ಇಷ್ಟು ಸಾಕು. ಸಾಲ ಮಾಡಿ ಖುರಾಕು ಕೊಡಿಸಿ ಎನ್ನುವವರ ಮಾತು ಕೇಳಬೇಡಿ.

ಊರೂರಿಗೆ ಕರಾಟೆ ತರಗತಿಗಳು ಬಂದಿವೆ. ಅದೂ ಒಳ್ಳೆಯ ವಿದ್ಯೆಯೇ, ಅಳೆಯುವ ಕೋಲು ಮಾತ್ರ ಅದೇ ಇರಲಿ. ಕಪ್ಪು ಬೆಲ್ಟಿನ ಪದ್ಧತಿ ಶುರುವಾದದ್ದು ಜಪಾನಿನ ಜೂಡೋದಲ್ಲಿ, 1880ರ ದಶಕದಲ್ಲಿ. ಅದು ಕಲಿಕೆಯ ಗುರುತು. ಮೂರು ತಿಂಗಳಿಗೊಮ್ಮೆ ಪರೀಕ್ಷೆಯ ಶುಲ್ಕ ಪಡೆದು ಬಣ್ಣ ಬದಲಿಸುವ ಕಡೆ ಅದು ಬರೀ ರಸೀದಿ.

ಹೆಣ್ಣುಮಕ್ಕಳ ಮಾತು ಬಿಡುವಂತಿಲ್ಲ. ಮಹಿಳೆಯರ ಕುಸ್ತಿ 2004ರಿಂದ ಒಲಿಂಪಿಕ್ಸಿನಲ್ಲಿದೆ. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಅದೇ ಸಾಕ್ಷಿ, ಜೊತೆಯ ಹೆಸರಾಂತ ಪಟುಗಳೊಂದಿಗೆ 2023ರಲ್ಲಿ ಲೈಂಗಿಕ ಕಿರುಕುಳದ ದೂರು ಹಿಡಿದು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂಡಬೇಕಾಯಿತು. ಆದ್ದರಿಂದ ಕೇಳಲು ಸಂಕೋಚ ಬೇಡ: ಬಟ್ಟೆ ಬದಲಿಸುವ ಕೋಣೆ ಬೇರೆ ಇದೆಯೇ? ಬೇರೆ ಹುಡುಗಿಯರಿದ್ದಾರೆಯೇ? ತಾಯಿ ಬಂದು ಕೂಡಬಹುದೇ? ಪಾಲಕರು ಕೂಡುವುದು ಬೇಡ ಎಂದರೆ ನಿಮ್ಮ ಮಗಳಿಗೂ ಆ ಜಾಗ ಬೇಡ.

ಮುಧೋಳ ರನ್ನನ ಊರು. ಅವನು ಕಾವ್ಯಕ್ಕೆ ಆರಿಸಿಕೊಂಡದ್ದು ಭೀಮ ದುರ್ಯೋಧನರ ಗದಾಯುದ್ಧವನ್ನು. ಮಹಾಭಾರತದಲ್ಲಿ ಇಬ್ಬರಿಗೂ ಗದೆ ಕಲಿಸಿದವನು ಬಲರಾಮ. ಭೀಮ ತೊಡೆಗೆ ಹೊಡೆದಾಗ, ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿಯಿತೆಂದು ಆ ಗುರು ಸಿಟ್ಟಿಗೇಳುತ್ತಾನೆ. ಯಾರು ಗೆದ್ದರು ಎಂಬುದಕ್ಕಿಂತ ಹೇಗೆ ಗೆದ್ದರು ಎಂಬುದು ಅವನಿಗೆ ಮುಖ್ಯ. ನಿಮ್ಮ ವಸ್ತಾದರಲ್ಲಿ ಆ ಸಿಟ್ಟು ಇದೆಯೇ ನೋಡಿ. ತನ್ನ ಹುಡುಗ ಮೋಸದ ಪಟ್ಟಿನಿಂದ ಗೆದ್ದಾಗ ಅವರು ಪೇಟ ಸುತ್ತುತ್ತಾರೋ, ಕಿವಿ ಹಿಂಡುತ್ತಾರೋ?

ಒಂದು ತಿಂಗಳು ಕಳಿಸಿ ನೋಡಿ. ಅಲ್ಲಿಯವರೆಗೆ ಮುಂಗಡ ಹಣ ಕೊಡಬೇಡಿ. ತಿಂಗಳ ಕೊನೆಗೆ, ಇಂದು ಏನು ಕಲಿತೆ ಎಂದು ಮಗುವನ್ನು ಕೇಳಿ. ಯಾರನ್ನು ಕೆಡವಿದೆ ಎಂದು ಮಾತ್ರ ಹೇಳಿದರೆ ಇನ್ನೊಂದು ಗರಡಿ ಹುಡುಕಿ. ಹೇಗೆ ಬಿದ್ದೆ, ಬಿದ್ದಾಗ ಯಾರು ಕೈಕೊಟ್ಟು ಎಬ್ಬಿಸಿದರು ಎಂದೂ ಹೇಳಿದರೆ ಅಲ್ಲಿಯೇ ಮುಂದುವರಿಸಿ.