ಗಾಲ್ಫ್ ಆಟದಲ್ಲಿ ಗುರಿಯೂ ನಿಲುವೂ



ಚೆಂಡಾಟಗಳಲ್ಲಿ ಎರಡು ಬಗೆಯುಂಟು. ಓಡಿಬರುವ ಚೆಂಡನ್ನು ಎದುರಿಸುವುದು ಒಂದು ಬಗೆ; ನಿಂತ ಚೆಂಡನ್ನು ಹೊಡೆಯುವುದು ಇನ್ನೊಂದು ಬಗೆ. ಕ್ರಿಕೆಟ್, ಟೆನ್ನಿಸ್ ಮೊದಲಾದವುಗಳಲ್ಲಿ ಆಟಗಾರನಿಗೆ ಯೋಚಿಸಲು ವ್ಯವಧಾನವಿಲ್ಲ. ತಪ್ಪಿದರೆ ಎದುರಾಳಿಯ ಚಾತುರ್ಯವನ್ನು ಹೊಗಳಿ ಸಮಾಧಾನ ಪಡಬಹುದು. ಗಾಲ್ಫ್ ಆಡತಕ್ಕವರಿಗೆ ಆ ಸಮಾಧಾನವೂ ಇಲ್ಲ. ಚೆಂಡು ಹುಲ್ಲಿನ ಮೇಲೆ ಅಲುಗದೆ ಕುಳಿತಿರುತ್ತದೆ. ಅದನ್ನು ಕಿತ್ತುಕೊಳ್ಳಲು ಯಾರೂ ಬರುವುದಿಲ್ಲ. ಹೀಗಿದ್ದರೂ ಚೆಂಡು ಬಲಕ್ಕೋ ಎಡಕ್ಕೋ ಹಾರಿ ಪೊದೆಯನ್ನು ಸೇರುವುದು ನಿತ್ಯದ ನೋಟ. ಇದಕ್ಕೆ ಬೀಸಿನ ದೋಷವೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬೀಸಿಗೆ ಮೊದಲೇ, ಕಾಲೂರಿ ನಿಲ್ಲುವಾಗಲೇ ಆಗಿಹೋಗಿರುವ ದೋಷವೊಂದುಂಟು. ಅದನ್ನು ಕುರಿತು ನಾವು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ಆಟವು ಸ್ಕಾಟ್ಲೆಂಡಿನದು. ಅಲ್ಲಿಯ ಲೀತ್ ಎಂಬಲ್ಲಿ 1744ರಲ್ಲಿ ಹದಿಮೂರು ನಿಯಮಗಳನ್ನು ಬರೆದಿಟ್ಟರು. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಗಾಲ್ಫ್ ಸಂಘಗಳು ಹುಟ್ಟಿದುವು. ಒಂದು ಕಾಲಕ್ಕೆ ದೊರೆಗಳ ಆಟವೆಂದು ನಮ್ಮವರು ದೂರದಿಂದ ನೋಡುತ್ತಿದ್ದ ಈ ಆಟದಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿಯು 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದಳು. ನಾಲ್ಕು ದಿನಗಳ ಆಟದ ಕೊನೆಗೆ ಆಕೆಗೆ ಪದಕ ತಪ್ಪಿದುದು ಒಂದೇ ಒಂದು ಹೊಡೆತದ ಅಂತರದಿಂದ. ಒಂದು ಹೊಡೆತದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಗುರಿಯಲ್ಲಿ ಅಲ್ಪಸ್ವಲ್ಪ ಓರೆಯಾದರೆ ಏನಾದೀತು? ಗಡಿಯಾರದ ಮುಖವನ್ನು ನೆನೆಯಿರಿ. ಒಂದು ನಿಮಿಷದ ಗೆರೆಗೂ ಮುಂದಿನ ಗೆರೆಗೂ ನಡುವೆ 6 ಡಿಗ್ರಿಗಳಿವೆ. ಅದನ್ನು ಆರು ಪಾಲು ಮಾಡಿ ಒಂದು ಪಾಲನ್ನು ತೆಗೆದುಕೊಂಡರೆ ಒಂದು ಡಿಗ್ರಿ. ಕಣ್ಣಿಗೆ ಕಾಣಿಸುವುದೇ ಕಷ್ಟ. ಆದರೆ ಕೋಲಿನ ಮುಖವು ಅಷ್ಟು ಓರೆಯಾಗಿ ಚೆಂಡೂ ಅಷ್ಟೇ ಓರೆಯಾಗಿ ಹೊರಟರೆ, 150 ಗಜ ದೂರದಲ್ಲಿ ಅದು ಸುಮಾರು 8 ಅಡಿ ಪಕ್ಕಕ್ಕೆ ಬೀಳುತ್ತದೆ. 3 ಡಿಗ್ರಿ ಓರೆಯಾದರೆ ಸುಮಾರು 24 ಅಡಿ. ಚೆಂಡು ಸೇರಬೇಕಾದ ಕುಳಿಯ ಅಗಲವೋ ನಾಲ್ಕೂಕಾಲು ಅಂಗುಲ. ಕುಳಿಯ ಹತ್ತಿರ ಬಂದ ಮೇಲೆಯೂ ಈ ಲೆಕ್ಕ ಬಿಡುವುದಿಲ್ಲ. 10 ಅಡಿ ದೂರದಿಂದ ಚೆಂಡನ್ನು ಉರುಳಿಸುವಾಗ ಒಂದು ಡಿಗ್ರಿ ತಪ್ಪಿದರೆ ಅದು ಕುಳಿಯ ನಡುವಿನಿಂದ ಎರಡು ಅಂಗುಲ ಸರಿದು ಅಂಚನ್ನು ಮುಟ್ಟುತ್ತದೆ. 20 ಅಡಿಯಿಂದಾದರೆ ಕುಳಿಯನ್ನು ಪೂರ್ತಿಯಾಗಿ ತಪ್ಪಿಸಿಕೊಂಡು ಹೋಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಗುರಿಯನ್ನು ಸರಿಯಾಗಿ ನೋಡಿದರೆ ಸಾಲದೆ? ದ್ರೋಣಾಚಾರ್ಯರು ಮರದ ಮೇಲೆ ಹಕ್ಕಿಯನ್ನಿಟ್ಟು ಶಿಷ್ಯರನ್ನು ಪರೀಕ್ಷಿಸಿದಾಗ, ಹಕ್ಕಿಯ ತಲೆಯ ಹೊರತು ಬೇರೇನೂ ಕಾಣದವನೇ ಗೆದ್ದನಲ್ಲವೆ? ನಿಜ, ಆದರೆ ಬಿಲ್ಲುಗಾರನಿಗಿರುವ ಒಂದು ಅನುಕೂಲ ಗಾಲ್ಫ್ ಆಟಗಾರನಿಗಿಲ್ಲ. ಬಾಣವೂ ಕೋವಿಯ ನಳಿಗೆಯೂ ಕಣ್ಣಿನ ಬಳಿಯಲ್ಲಿದ್ದು ಕಣ್ಣು ನೋಡಿದ ಕಡೆಗೇ ತಿರುಗಿರುತ್ತವೆ. ಗಾಲ್ಫ್ ಆಟದಲ್ಲಿ ಚೆಂಡು ಕಾಲಿನಿಂದ ಎರಡು ಮೂರು ಅಡಿ ಆಚೆಗೆ ನೆಲದ ಮೇಲಿದೆ. ಆಟಗಾರನು ಗುರಿಗೆ ಪಕ್ಕೆಗೊಟ್ಟು ನಿಂತಿದ್ದಾನೆ. ಹೊಡೆಯುವಾಗ ಗುರಿಯನ್ನು ನೋಡುವುದೇ ಇಲ್ಲ. ಆದುದರಿಂದ ಇಲ್ಲಿ ಒಂದು ಗೆರೆಯಲ್ಲ, ಎರಡು ಗೆರೆಗಳನ್ನು ಕಲ್ಪಿಸಿಕೊಳ್ಳಬೇಕು. ಚೆಂಡಿನಿಂದ ಗುರಿಗೆ ಹೋಗುವುದು ಒಂದು. ಪಾದ, ಮಂಡಿ, ಸೊಂಟ, ಭುಜಗಳು ನಿಲ್ಲತಕ್ಕದ್ದು ಇನ್ನೊಂದು. ಇವೆರಡೂ ರೈಲುಕಂಬಿಗಳಂತೆ ಸಮಾನಾಂತರವಾಗಿರಬೇಕು. ಬಲಗೈ ಆಟಗಾರನ ಮೈಯ ಗೆರೆಯು ಬಾವುಟದತ್ತ ಹೋಗದೆ ಅದರ ಎಡಕ್ಕೆ ಹಾಯಬೇಕು. ಎಡಗೈ ಆಟಗಾರರು ನಾವು ಹೇಳುವುದನ್ನೆಲ್ಲ ತಿರುಗಿಸಿ ಗ್ರಹಿಸಬೇಕು.

ಬಹುಮಂದಿ ಎಡವುವುದು ಇಲ್ಲಿಯೇ. ನಿಂತ ಮೇಲೆ ಎಡಭುಜದ ಮೇಲಿಂದ ಬಾವುಟವನ್ನು ನೋಡಿ, ಭುಜದ ತುದಿಯೂ ಬಾವುಟವೂ ಒಂದೇ ನೇರಕ್ಕೆ ಕಂಡರೆ ನಿಲುವು ಸರಿಯಾಯಿತೆಂದು ತಿಳಿಯುತ್ತಾರೆ. ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಮುಂದಕ್ಕೆ ಬಾಗಿ ನಿಂತಾಗ ಕಣ್ಣು ಭುಜಗಳ ಗೆರೆಯ ಮೇಲಿರುವುದಿಲ್ಲ; ಅದಕ್ಕಿಂತ ಮುಂದೆ, ಚೆಂಡಿನ ಕಡೆಗಿರುತ್ತದೆ. ಅಲ್ಲಿಂದ ಭುಜದ ತುದಿಯ ಮೂಲಕ ಹಾದ ನೋಟವು ಎಡಕ್ಕೆ ಓರೆಯಾಗಿ ಹೋಗುತ್ತದೆ. ಆ ಓರೆನೋಟವು ಬಾವುಟವನ್ನು ಮುಟ್ಟುವಂತೆ ಮೈಯನ್ನು ತಿರುಗಿಸಿದರೆ, ಭುಜಗಳ ನಿಜವಾದ ಗೆರೆ ಬಾವುಟದ ಬಲಕ್ಕೆ ಬಹುದೂರ ಸರಿದಿರುತ್ತದೆ.

ಇದರ ಫಲವನ್ನು ನೋಡಿರಿ. ಹೀಗೆ ನಿಂತವನು ಸರಿಯಾಗಿ ಬೀಸಿದರೆ ಚೆಂಡು ಬಲಕ್ಕೆ ಹೋಗುತ್ತದೆ. ಎರಡು ಸಲ, ನಾಲ್ಕು ಸಲ ಹಾಗಾದ ಮೇಲೆ ಕೈಗಳು ತಾವಾಗಿಯೇ ಒಂದು ಉಪಾಯವನ್ನು ಕಲಿಯುತ್ತವೆ: ಕೋಲನ್ನು ಹೊರಗಿನಿಂದ ಒಳಕ್ಕೆ, ಎಡಕ್ಕೆ ಎಳೆಯುತ್ತವೆ. ಆಗ ಒಂದೊಂದು ಚೆಂಡು ನೇರವಾಗಿಯೂ ಹೋಗುತ್ತದೆ. ಮಿಕ್ಕವು ಎಡಕ್ಕೆ ಹಾರುತ್ತವೆ, ಇಲ್ಲವೆ ಬಲಕ್ಕೆ ಬಾಗಿ ಬೀಳುತ್ತವೆ. ಆಟಗಾರನು ಬೀಸು ಕೆಟ್ಟಿತೆಂದು ಕೊರಗಿ, ಕೋಲುಗಳನ್ನು ಬದಲಾಯಿಸಿ, ಕೈಹಿಡಿತವನ್ನು ಬದಲಾಯಿಸಿ ಬಳಲುತ್ತಾನೆ. ರೋಗ ಕಾಲಿನಲ್ಲಿ, ಮದ್ದು ಕೈಗೆ! ಯಾರಾದರೂ ಅವನನ್ನು ಸರಿಯಾಗಿ ನಿಲ್ಲಿಸಿದರೆಂದಿಟ್ಟುಕೊಳ್ಳೋಣ. ಎಡಕ್ಕೆ ಎಳೆಯಲು ಕಲಿತ ಕೈಗಳು ಹಳೆಯ ಚಾಳಿಯನ್ನು ಬಿಡದೆ ಚೆಂಡನ್ನು ಎಡಗಡೆಯ ಪೊದೆಗೆ ಕಳುಹಿಸುತ್ತವೆ. ಹೊಸ ನಿಲುವೇ ತಪ್ಪೆಂದು ನಂಬಿ ಅವನು ಹಳೆಯದಕ್ಕೆ ಮರಳುತ್ತಾನೆ. ಸರಿಯಾದ ನಿಲುವು ಕೆಲವು ದಿನಗಳ ಮಟ್ಟಿಗೆ ತಪ್ಪಾಗಿ ತೋರುವುದು ಸ್ವಾಭಾವಿಕ. ಆ ಕೆಲವು ದಿನ ತಾಳ್ಮೆಯಿದ್ದವನು ಮಾತ್ರ ಗುಣ ಹೊಂದುತ್ತಾನೆ.

ಹಾಗಾದರೆ ಕ್ರಮವೇನು? ಮೊದಲು ಚೆಂಡಿನ ಹಿಂದಕ್ಕೆ ಹೋಗಿ, ಚೆಂಡೂ ಗುರಿಯೂ ಒಂದೇ ನೇರಕ್ಕೆ ಕಾಣುವಂತೆ ನಿಲ್ಲಬೇಕು. ದೂರದ ಗುರಿಗೆ ಮೈಯನ್ನು ಹೊಂದಿಸುವುದು ಕಷ್ಟ, ಹತ್ತಿರದ ಗುರಿಗೆ ಸುಲಭ. ಆದುದರಿಂದ ಅದೇ ಗೆರೆಯ ಮೇಲೆ, ಚೆಂಡಿನಿಂದ ಕೆಲವೇ ಅಡಿ ಮುಂದೆ, ಒಣಗಿದ ಎಲೆಯನ್ನೋ ಹುಲ್ಲಿನ ಬಣ್ಣಗೆಟ್ಟ ಜಾಗವನ್ನೋ ಗುರುತು ಮಾಡಿಕೊಳ್ಳಬೇಕು. 1962ರಿಂದ 1986ರವರೆಗೆ ಹದಿನೆಂಟು ಮಹಾಪಂದ್ಯಗಳನ್ನು ಗೆದ್ದ ಅಮೆರಿಕೆಯ ಜ್ಯಾಕ್ ನಿಕ್ಲಾಸ್ ಅನುಸರಿಸಿದ ವಿಧಾನವೇ ಇದು.

ಅನಂತರ ಪಕ್ಕದಿಂದ ಬಂದು, ಮೈಯನ್ನು ಗಮನಿಸದೆ, ಕೋಲಿನ ಮುಖವನ್ನು ಮೊದಲು ಇಡಬೇಕು. ಬಡಗಿಯು ಮೂಲೆಮಟ್ಟವನ್ನು ಹಲಗೆಗೆ ಹೊಂದಿಸುವಂತೆ, ಮುಖದ ಕೆಳಗಿನ ಅಂಚು ಆ ಗೆರೆಗೆ ಲಂಬವಾಗಿರಬೇಕು. ಮೇಲಂಚನ್ನು ನೋಡಿದರೆ ಭ್ರಮೆಯಾದೀತು. ಮುಖಕ್ಕೆ ಇಷ್ಟು ಪ್ರಾಧಾನ್ಯವೇಕೆಂದರೆ, ಹಿಂದಿನವರು ಚೆಂಡು ಬೀಸಿನ ದಾರಿಯಲ್ಲಿಯೇ ಹೊರಡುವುದೆಂದು ಬೋಧಿಸುತ್ತಿದ್ದರು. ರೇಡಾರ್ ಯಂತ್ರಗಳಿಂದ ಅಳೆದ ಮೇಲೆ, ಚೆಂಡು ಹೊರಡುವ ದಿಕ್ಕನ್ನು ನಿರ್ಣಯಿಸುವುದು ಬಹುಮಟ್ಟಿಗೆ ಕೋಲಿನ ಮುಖವೇ ಎಂಬುದು ಸಿದ್ಧವಾಗಿದೆ.

ಮುಖವನ್ನಿಟ್ಟ ಬಳಿಕ ಅದಕ್ಕೆ ತಕ್ಕಂತೆ ಪಾದಗಳು, ಆಮೇಲೆ ಮಂಡಿ, ಸೊಂಟ, ಭುಜಗಳು. ಈ ಕ್ರಮವನ್ನು ತಲೆಕೆಳಗು ಮಾಡಕೂಡದು. ಪಾದಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಬೆನ್ ಹೋಗನ್ 1957ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬಲಪಾದವನ್ನು ಗೆರೆಗೆ ಲಂಬವಾಗಿಯೂ ಎಡಪಾದವನ್ನು ತುಸು ಹೊರಕ್ಕೆ ತಿರುಗಿಸಿಯೂ ಇಡಬೇಕೆಂದು ಹೇಳಿದ್ದಾನೆ. ಹಾಗೆ ತಿರುಗಿಸಿದಾಗ ಎಡಪಾದದ ಬೆರಳತುದಿ ಹಿಂದೆ ಸರಿದಂತೆ ಕಾಣುತ್ತದೆ. ಆದುದರಿಂದ ಬೆರಳುಗಳಿಗಿಂತ ಹಿಮ್ಮಡಿಗಳನ್ನು ನಂಬುವುದು ಲೇಸು. ಪಾದಗಳಿಗಿಂತಲೂ ಮುಖ್ಯವಾದುವು ಭುಜಗಳು, ಏಕೆಂದರೆ ತೋಳುಗಳು ಅವುಗಳಿಂದಲೇ ಇಳಿಬಿದ್ದಿವೆ. ಬಲಗೈ ಕೋಲನ್ನು ಎಡಗೈಗಿಂತ ಕೆಳಗೆ ಹಿಡಿಯುತ್ತದೆ. ಅದಕ್ಕಾಗಿ ಬಲಭುಜವನ್ನು ತುಸು ತಗ್ಗಿಸದೆ ಮುಂದಕ್ಕೆ ಚಾಚಿದರೆ ಭುಜಗಳು ಎಡಕ್ಕೆ ತಿರುಗಿಬಿಡುತ್ತವೆ. ಚೆಂಡನ್ನು ಎಡಗಾಲಿನ ಕಡೆಗೆ ಬಹಳ ಮುಂದೆ ಇಟ್ಟುಕೊಂಡರೂ ಇದೇ ಗತಿ. ಕೊನೆಗೆ ಗುರಿಯನ್ನು ನೋಡುವಾಗ ತಲೆಯನ್ನು ಎತ್ತದೆ ಹೊರಳಿಸಿ ನೋಡಬೇಕು. ತಲೆಯೆತ್ತಿದರೆ ಭುಜಗಳೂ ಅದರೊಡನೆ ಏಳುತ್ತವೆ.

ಅಭ್ಯಾಸಕ್ಕೆ ದುಬಾರಿಯ ಸಾಧನಗಳು ಬೇಕಿಲ್ಲ. ಎರಡು ಕೋಲುಗಳನ್ನು ನೆಲದ ಮೇಲೆ ಮಲಗಿಸಿ, ಒಂದನ್ನು ಚೆಂಡಿನ ಆಚೆಗೆ ಗುರಿಯತ್ತಲೂ ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಕಾಲಿನ ಬಳಿಯೂ ಇಟ್ಟು ಹೊಡೆಯುವುದು ಒಳ್ಳೆಯದು. ನಿಂತಲ್ಲಿಯೇ ಒಂದು ಕೋಲನ್ನು ತೊಡೆಗಳಿಗೆ ಅಡ್ಡಲಾಗಿ ಹಿಡಿದು, ಆಮೇಲೆ ಎದೆಯ ಮೇಲೆ ಎರಡು ಭುಜಗಳಿಗೂ ತಗಲುವಂತೆ ಹಿಡಿದು, ಅದು ಎತ್ತ ತೋರಿಸುವುದೆಂದು ನೋಡಬೇಕು. ಮೊದಲ ದಿನ ಆಶ್ಚರ್ಯಪಡದವರು ಬಹಳ ವಿರಳ.

ಆದರೆ ಪಂದ್ಯದಲ್ಲಿ ಈ ಸಹಾಯ ದೊರೆಯುವುದಿಲ್ಲ. ನಿಲುವನ್ನು ಹೊಂದಿಸಿಕೊಳ್ಳಲು ನೆಲದ ಮೇಲೆ ಕೋಲನ್ನಿಡುವುದು ನಿಷಿದ್ಧ. ಹೊಡೆತಗಳನ್ನೆಣಿಸುವ ಆಟದಲ್ಲಿ ಇದಕ್ಕೆ ಎರಡು ಹೊಡೆತಗಳ ದಂಡವಿದೆ. ವೃತ್ತಿ ಆಟಗಾರರಲ್ಲಿ ಕೆಲವರು ಕ್ಯಾಡಿಯನ್ನು ಹಿಂದೆ ನಿಲ್ಲಿಸಿ, “ಸರಿಯಾಗಿದೆಯೆ?” ಎಂದು ಕೇಳಿ ಹೊಡೆಯುತ್ತಿದ್ದರು. 2019ರ ಜನವರಿ 1ರಿಂದ ಅದಕ್ಕೂ ತಡೆಯಾಯಿತು. ಆಟಗಾರನು ನಿಲುವು ತಳೆಯಲು ತೊಡಗಿದ ಮೇಲೆ ಕ್ಯಾಡಿಯು ಚೆಂಡಿನ ಹಿಂದೆ ಆ ಗೆರೆಯ ಮೇಲೆ ಬೇಕೆಂದು ನಿಲ್ಲಕೂಡದು. ಗುರಿಗೆ ಮೈಯನ್ನು ಹೊಂದಿಸುವುದು ಆಟಗಾರನ ಕೌಶಲವೇ ಹೊರತು ಮತ್ತೊಬ್ಬರದಲ್ಲ ಎಂಬುದೇ ಈ ನಿಯಮದ ತಾತ್ಪರ್ಯ.

ಈ ನಿಯಮ ನಮಗೆ ನ್ಯಾಯವಾಗಿಯೇ ತೋರುತ್ತದೆ. ವೇಗವಾಗಿ ಬೀಸಲು ಯೌವನ ಬೇಕು, ದೂರ ಹೊಡೆಯಲು ಬಲ ಬೇಕು. ಸರಿಯಾಗಿ ನಿಲ್ಲಲು ಇವೆರಡೂ ಬೇಕಿಲ್ಲ. ಅರುವತ್ತು ದಾಟಿದವರೂ ನಿನ್ನೆ ಕೋಲು ಹಿಡಿದವರೂ ಇದರಲ್ಲಿ ಮೇಲಾದ ಆಟಗಾರರಿಗೆ ಸಮರಾಗಬಹುದು. ಬೇಕಾದುದು ಇಷ್ಟೇ: ಚೆಂಡು ತಪ್ಪಿಹೋದಾಗ ಕೈಯನ್ನು ಬೈಯುವುದಕ್ಕೆ ಮೊದಲು, ನಿಂತ ಜಾಗದಿಂದ ಕದಲದೆ, ಕೋಲನ್ನು ಹಿಮ್ಮಡಿಗಳ ಹಿಂದೆ ಇಟ್ಟು, ಹಿಂದಕ್ಕೆ ಹೋಗಿ ನೋಡುವ ಅಭ್ಯಾಸ. ಬರುವ ಭಾನುವಾರ ಮೈದಾನಕ್ಕೆ ಹೋಗತಕ್ಕವರು ಇದನ್ನೊಮ್ಮೆ ಮಾಡಿ ನೋಡಲೆಂದು ಪ್ರಾರ್ಥಿಸಿ ನಾವು ಈ ಭಾಷಣವನ್ನು ಮುಗಿಸುತ್ತೇವೆ.