ಮನೆಯ ಒಳಗನ್ನು ಅಣಿಗೊಳಿಸುವುದು

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ನೀವು ಇತ್ತೀಚೆಗೆ ಅಡ್ಡಾಡಿದ್ದರೆ ಒಂದು ನೋಟವನ್ನು ಕಂಡಿರಲೇಬೇಕು. ಮಾಳಿಗೆಯ ಮನೆಯೊಂದನ್ನು ಕೆಡವಿರುತ್ತಾರೆ. ಸಾಗುವಾನಿಯ ಕಂಬ, ತೊಲೆ, ಜಂತಿಗಳು ಬೀದಿಯ ಅಂಚಿಗೆ ರಾಶಿಯಾಗಿ ಬಿದ್ದಿರುತ್ತವೆ. ಅವನ್ನು ಒಯ್ಯಲು ಹಳೆಯ ಕಟ್ಟಿಗೆಯ ವ್ಯಾಪಾರಿಯ ಗಾಡಿ ಬಂದಿರುತ್ತದೆ. ಅದರ ಹಿಂದೆಯೇ ಇನ್ನೊಂದು ಗಾಡಿಯಿಂದ ಪ್ಲೈವುಡ್ಡಿನ ಹಲಗೆಗಳು ಇಳಿಯುತ್ತಿರುತ್ತವೆ. ಮೂರು ತಲೆಮಾರು ಬಾಳಿದ ಕಟ್ಟಿಗೆಯನ್ನು ಮಾರಿ, ತೇವ ತಾಗಿದರೆ ಉಬ್ಬುವ ಹಲಗೆಯನ್ನು ಕೊಳ್ಳುವ ಈ ವ್ಯವಹಾರದಲ್ಲಿ ಲಾಭವಾರಿಗೆ? ಮನೆ ಕಟ್ಟುವ ವಿದ್ಯೆ ನನ್ನದಲ್ಲ. ನಾನು ಶಾಲೆಯಲ್ಲಿ ಕನ್ನಡ ಕಲಿಸುವವನು. ಆದರೂ ಮನೆಯಲ್ಲಿ ವಾಸಿಸುವ ಯಾರಿಗಾದರೂ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ಉಂಟಷ್ಟೆ.

ತಲೆಯ ಮೇಲಿನಿಂದಲೇ ತೊಡಗೋಣ. ಮಾಳಿಗೆಯೆಂದರೆ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪನಾದ ಮಣ್ಣಿನ ಹಾಸು. ಮೇಲ್ಪದರಿಗೆ ಮಾತ್ರ ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಆ ಮಣ್ಣಿನಲ್ಲಿ ಸೋಡಿಯಂ ಲವಣ ಹೆಚ್ಚು. ಮಳೆ ತಾಗಿದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದ ಗುಣವೇ ಮಾಳಿಗೆಗೆ ವರವಾಯಿತು! ಇನ್ನು ಗೋಡೆಗಳೋ ಎರಡು ಮೊಳ ದಪ್ಪ. ಹಗಲಿನ ಬಿಸಿಲು ಅವನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯ ತಂಗಾಳಿ ಬೀಸುತ್ತಿತ್ತು. ನಡುಮನೆಗೆ ಬೆಳಕು ಮೇಲಿನ ಬೆಳಕಿಂಡಿಯಿಂದ. ಬೆಳಕು, ಕಿಂಡಿ ಎಂಬ ಎರಡು ಮಾತು ಕೂಡುವಾಗ ನಡುವಿನ ಒಂದಕ್ಷರ ಬಿದ್ದುಹೋದದ್ದಕ್ಕೆ ಕೇಶಿರಾಜನ ಸೂತ್ರವನ್ನು ಹುಡುಕುವ ಗೋಜಿಗೆ ನಾನು ಈಗ ಹೋಗುವುದಿಲ್ಲ. ಆ ಕಿಂಡಿಯಿಂದ ಬೆಳಕು ಒಳಗಿಳಿದಂತೆ ಒಲೆಯ ಹೊಗೆಯೂ ಬಿಸಿಗಾಳಿಯೂ ಹೊರಗೇರುತ್ತಿದ್ದವೆಂಬುದನ್ನು ಮಾತ್ರ ನೆನಪಿಡಿರಿ.

ಇಂದಿನ ನಾಲ್ಕೈದು ಇಂಚಿನ ಕಾಂಕ್ರೀಟಿನ ಛಾವಣಿ ಏಪ್ರಿಲ್ ತಿಂಗಳ ಬಿಸಿಲನ್ನು ದಿನವೆಲ್ಲ ಕುಡಿದು, ಸಂಜೆ ನಮ್ಮ ನೆತ್ತಿಯ ಮೇಲೆ ಕಾರುತ್ತದೆ. ಇದಕ್ಕೆ ಮದ್ದೆಂದು ಅದರ ಕೆಳಗೆ ಇನ್ನೊಂದು ಛಾವಣಿಯನ್ನು ತೂಗುಹಾಕುತ್ತಾರೆ. ಅದರ ಹೆಸರು ‘ಫಾಲ್ಸ್ ಸೀಲಿಂಗ್’, ಎಂದರೆ ಸುಳ್ಳು ಛಾವಣಿ. ಹೆಸರಿನಲ್ಲಿಯೇ ತಪ್ಪೊಪ್ಪಿಕೊಂಡ ವಸ್ತುವನ್ನು ನಾನು ಬೇರೆಲ್ಲಿಯೂ ಕಾಣೆ. ಬೇಸಿಗೆಗೆ ಮುನ್ನ ಮೇಲ್ಛಾವಣಿಗೆ ಎರಡು ಕೈ ಬಿಳಿ ಸುಣ್ಣ ಬಳಿಯಿಸಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಖರ್ಚು ಕಡಿಮೆ.

ಹಾಗೆಂದು ಹಳೆಯದೆಲ್ಲವನ್ನೂ ಎತ್ತಿಹಿಡಿಯಲು ನಾನು ಹೊರಟಿಲ್ಲ. ಮಾಳಿಗೆಗೆ ವರ್ಷವರ್ಷವೂ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ ತುಳಿಯಬೇಕು. ಹಾಕದಿದ್ದರೆ ಸೋರುವುದೇ ಸರಿ. ಸೆಗಣಿ ಸಾರಿಸಿದ ನೆಲ ತಂಪು, ನಿಜ. ಆದರೆ ಆ ನೆಲವನ್ನು ಹೊಗಳುವವರು ಅದನ್ನು ಬಗ್ಗಿ ಸಾರಿಸಿದವಳ ಬೆನ್ನನ್ನು ಒಮ್ಮೆ ಕೇಳಬೇಕು. ಅದರ ಬದಲು ಕಲಬುರ್ಗಿ ಜಿಲ್ಲೆಯ ಶಹಾಬಾದದ ಪರಸಿ ಹಾಸಿರಿ. ಅದು ಭೂಮಿಯಲ್ಲಿಯೇ ಪದರುಪದರಾಗಿ ಕುಳಿತ ಸುಣ್ಣಗಲ್ಲು. ಟೈಲ್ಸಿನಂತೆ ಅದನ್ನು ಭಟ್ಟಿಯಲ್ಲಿ ಸುಡಬೇಕಾಗಿಲ್ಲ. ಹುಳಿ ಚೆಲ್ಲಿದರೆ ಕಲೆಯಾಗುತ್ತದೆ, ಅದನ್ನೂ ಹೇಳಿಬಿಡಬೇಕು. ಕೆಡವಿದ ಮನೆಯ ಜಂತಿಗಳನ್ನು ಮಾರುವ ಮುನ್ನ ಓಣಿಯ ಬಡಿಗನನ್ನು ಕರೆದು ತೋರಿಸಿರಿ. ಎರಡು ತೊಲೆಯಲ್ಲಿ ಒಂದು ಕಪಾಟು, ನಾಲ್ಕು ಜಂತಿಯಲ್ಲಿ ಒಂದು ಮಂಚ ಏಳಬಹುದು. ಗೋಡೆಯ ಗಿಳಿಗೂಟಗಳನ್ನಂತೂ ಕೈಬಿಡಬೇಡಿರಿ.

ಯಾವ ಸಾಮಾನನ್ನು ತರುವಾಗಲೂ ನಾನು ಕೇಳುವ ಪ್ರಶ್ನೆ ಒಂದೇ: ಇದು ಕೆಟ್ಟರೆ ನಮ್ಮೂರಿನಲ್ಲಿ ನೆಟ್ಟಗೆ ಮಾಡುವವರು ಇದ್ದಾರೆಯೆ? ಈ ಪ್ರಶ್ನೆ ಕೇಳತೊಡಗಿದರೆ ಪಟ್ಟಿಯಿಂದ ಅರ್ಧ ಸಾಮಾನು ತಾನಾಗಿ ಅಳಿಸಿಹೋಗುತ್ತದೆ.

ಹಾಸು ಹೊದಿಕೆಯ ಮಾತಿಗೆ ಬಂದರೆ ನಮ್ಮ ಸೀಮೆ ಬಡವಾಗಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರಾಗಿ ಹಾಸಿ ಹೊಲಿದ ಕೌದಿ ನಮ್ಮ ಮನೆಗಳಲ್ಲಿ ಉಂಟು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಬಣ್ಣದ ಜೋಡಣೆಯೇ ಬೇರೆ. ಬಸ್ಸಿನಲ್ಲಿ ತಾಸಿನ ದಾರಿಯಾದ ನವಲಗುಂದದಲ್ಲಿ ಜಮಖಾನೆ ಸಿಗುತ್ತದೆ. ವಿಜಾಪುರದ ಆದಿಲಶಾಹಿ ಕಾಲದ ಗಲಭೆಗಳಲ್ಲಿ ಅಲ್ಲಿಂದ ಬಂದು ನೆಲಸಿದ ಮುಸಲ್ಮಾನ ಮನೆತನಗಳ ಕೈಕಸುಬಿದು ಎನ್ನುತ್ತಾರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಹೆಂಗಸರೇ ಕುಳಿತು ಹತ್ತಿಯ ನೂಲಿನಲ್ಲಿ ಪಗಡೆಯ ಹಾಸು, ನವಿಲುಗಳನ್ನು ನೇಯುತ್ತಾರೆ. ಮಗಳು ಲಗ್ನವಾಗಿ ಹೊರಗೆ ಹೋಗುವವಳೆಂದು ಅವಳಿಗೆ ಈ ವಿದ್ಯೆ ಕಲಿಸದೆ, ಮನೆಗೆ ಬಂದ ಸೊಸೆಗೆ ಕಲಿಸುವ ರೂಢಿಯಿತ್ತಂತೆ. ಗುಟ್ಟು ಊರಿನಲ್ಲಿ ಉಳಿಯಲೆಂದು ಮಾಡಿದ ಏರ್ಪಾಡು ಅದು. ಈಗ ಕಲಿಯುವ ಸೊಸೆಯಂದಿರೇ ವಿರಳ. ಮಗ್ಗದ ಮುಂದೆ ಉಳಿದವರು ಬೆರಳೆಣಿಕೆಯವರು. ಭೌಗೋಳಿಕ ಗುರುತಿನ ಸರಕಾರಿ ಮುದ್ರೆ ಈ ಜಮಖಾನೆಗೆ ದೊರೆತಿದೆ, ಸಂತೋಷ. ಆದರೆ ಮುದ್ರೆಯನ್ನು ಹಾಸಿ ಕೂಡ್ರಲಾಗದು. ಜಮಖಾನೆ ಕೊಳ್ಳುವವರು ಬೇಕು. ಬೆಲೆ ಹೆಚ್ಚೆನ್ನುವವರು ಅದನ್ನು ಒಗೆದು ಮರಳಿ ಹಾಸಬಹುದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಕಿಟಕಿಯ ಪರದೆ. ನಮ್ಮೂರಿನ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ರಾಷ್ಟ್ರಧ್ವಜದ ತಯಾರಿಕೆಯಿಂದ ಅದು ದೇಶಕ್ಕೆಲ್ಲ ಹೆಸರಾಯಿತು. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಟ್ಟ ಮೇಲೆ ನೂಲುವ ನೇಯುವ ಕೈಗಳಿಗೆ, ಅವುಗಳಲ್ಲಿ ಹೆಚ್ಚಿನವು ಹೆಂಗಸರವು, ಪೆಟ್ಟು ಬಿದ್ದಿತು. ಧ್ವಜವನ್ನು ನಾವು ನೀವು ಎಷ್ಟು ಕೊಂಡೇವು? ಪರದೆ, ಹಾಸಿಗೆಯ ಹೊದಿಕೆ, ಕೈವಸ್ತ್ರಗಳನ್ನಾದರೋ ಕೊಳ್ಳುತ್ತಲೇ ಇರುತ್ತೇವೆ. ಖಾದಿಯ ಪರದೆ ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಮೊದಲ ಒಗೆತಕ್ಕೆ ತುಸು ಮುದುಡುತ್ತದೆ. ಆದುದರಿಂದ ಅಂಗಡಿಯಲ್ಲಿ ಅಳತೆ ಹೇಳುವಾಗ ಕಿಟಕಿಗೊಂದು ಗೇಣು ಹೆಚ್ಚಿಗೆ ಹೇಳಿರಿ.