ಗುಂಡಿಗೆ ಲೆಕ್ಕ ಕೇಳೋಣ

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳು)

ಗೆಳೆಯರೆ,

ಪೊಲೀಸರು ಯಾವಾಗ ಗುಂಡು ಹಾರಿಸಬಹುದು? ಇದು ವಕೀಲರ ಪ್ರಶ್ನೆ ಅಂದ್ಕೊಂಡು ನಾವು ಸುಮ್ಮನಿರೋ ಹಾಗಿಲ್ಲ. ಗುಂಡಿಗೆ ನಮ್ಮ ಕೇರಿಯ ದಾರಿ ಚೆನ್ನಾಗಿ ಗೊತ್ತು.

1997ರ ಜುಲೈ 11. ಮುಂಬಯಿಯ ಘಾಟ್‌ಕೋಪರ್, ರಮಾಬಾಯಿ ಅಂಬೇಡ್ಕರ್ ನಗರ. ಬೆಳಗ್ಗೆ ಎದ್ದು ನೋಡಿದರೆ ಬಾಬಾಸಾಹೇಬರ ಪ್ರತಿಮೆಯ ಕೊರಳಲ್ಲಿ ಚಪ್ಪಲಿ ಹಾರ. ಜನ ಹೆದ್ದಾರಿಗೆ ಬಂದರು. ಮೀಸಲು ಪೊಲೀಸರು ಗುಂಡು ಹಾರಿಸಿದರು. 10 ಜನ ಸತ್ತರು. ಗ್ಯಾಸ್ ಟ್ಯಾಂಕರಿಗೆ ಬೆಂಕಿ ಇಡೋಕೆ ಬಂದಿದ್ರು, ಅದಕ್ಕೇ ಹೊಡೆದ್ವಿ ಅಂದರು. ನ್ಯಾಯಮೂರ್ತಿ ಗುಂಡೇವಾರ್ ಆಯೋಗ ಈ ಸಮರ್ಥನೆಯನ್ನು ಒಪ್ಪಲಿಲ್ಲ. ಗುಂಡು ಹಾರಿಸಲು ಹೇಳಿದ ಅಧಿಕಾರಿಗೆ ಜೀವಾವಧಿ ಶಿಕ್ಷೆಯಾದದ್ದು 2009ರಲ್ಲಿ. 12 ವರ್ಷ ಆದ ಮೇಲೆ! ಆಮೇಲೆ ಜಾಮೀನೂ ಸಿಕ್ತು. ಹಾಡು ಕಟ್ಟಿ ಹಾಡುತ್ತಿದ್ದ ನಮ್ಮ ವಿಲಾಸ್ ಘೋಗ್ರೆ ಆ ನೋವು ತಾಳಲಾರದೆ ಕೆಲವೇ ದಿನಗಳಲ್ಲಿ ಪ್ರಾಣ ಬಿಟ್ಟ.

ಪೊಲೀಸರಿಗೂ ಆತ್ಮರಕ್ಷಣೆಯ ಹಕ್ಕಿದೆ, ಇಲ್ಲ ಅನ್ನಲ್ಲ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ. ಬಂಧಿಸುವಾಗ, ಮರಣದಂಡನೆಯೋ ಜೀವಾವಧಿಯೋ ಆಗುವಂಥ ಅಪರಾಧದ ಆರೋಪ ಇಲ್ಲದವನ ಜೀವ ತೆಗೆಯುವ ಹಕ್ಕಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಮಾತು 2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಪೊಲೀಸರ ಎನ್‌ಕೌಂಟರಿನಲ್ಲಿ ಯಾರಾದರೂ ಸತ್ತರೆ ಎಫ್.ಐ.ಆರ್. ಆಗಬೇಕು, ಸಿ.ಐ.ಡಿ.ಯೋ ಬೇರೆ ಠಾಣೆಯವರೋ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೀಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ಒಮ್ಮೆ ಜಾರಿದ್ವಿ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಹತ್ತಿರ ಅತ್ಯಾಚಾರ, ಕೊಲೆಯ 4 ಆರೋಪಿಗಳನ್ನು ಪೊಲೀಸರು ಹೊಡೆದು ಹಾಕಿದಾಗ ಜನ ಅವರ ಮೇಲೆ ಹೂ ಚೆಲ್ಲಿದರು. ಆ ಹೆಣ್ಣುಮಗಳ ಸಂಕಟ ನೆನೆದು ನಮ್ಮೊಳಗೂ ಕೆಲವರು ಸರಿಯಾಯ್ತು ಅಂದ್ವಿ. ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ, ಸತ್ತವರಲ್ಲಿ ಮೂವರು 18 ತುಂಬದ ಹುಡುಗರು ಅಂತ 2022ರಲ್ಲಿ ಆಯೋಗದ ವರದಿ ಹೊರಬಂತು. ಅವರು ತಪ್ಪು ಮಾಡಿದ್ರೋ ಇಲ್ಲವೋ, ಇನ್ನು ಯಾವ ಕೋರ್ಟು ಹೇಳುತ್ತೆ?

ಅಲ್ಲಿ ಹೂ ಚೆಲ್ಲಿದ ನಾವು ನಾಳೆ ನಮ್ಮ ಕೇರಿಯಲ್ಲಿ ಹೆಣ ಬಿದ್ದರೆ ಯಾವ ಬಾಯಿಂದ ನ್ಯಾಯ ಕೇಳೋದು?

ಅದಕ್ಕೇ ಗೆಳೆಯರೆ, ಎಲ್ಲೇ ಗುಂಡು ಹಾರಲಿ, ಎರಡು ಪ್ರಶ್ನೆ ಕೇಳೋಣ. ಆ ಗಳಿಗೆಯಲ್ಲಿ ಯಾರ ಜೀವ ಅಪಾಯದಲ್ಲಿತ್ತು? ಗುಂಡಲ್ಲದೆ ಬೇರೆ ದಾರಿ ಇರಲಿಲ್ಲವೆ? ಸತ್ತವನು ನಮ್ಮೋನಾದರೂ ಕೇಳೋಣ, ನಮಗಾಗದೋನಾದರೂ ಕೇಳೋಣ.

ಜೈಭೀಮ್.